ಒಂಬತ್ತನೇ ಮಹಡಿಯ ನೀಲಿ ಲೋಟ

ಅಯ್ಯಯ್ಯೋ... ಚುಚ್ಚಿತು ಅತ್ತಿಗೆ! ಕೈ ಜಾರಿತೋ, ಬೇಕಂತಲೇ ಚುಚ್ಚಿದ್ರೋ? ಆಯ್ತು, ಆಯ್ತು, ಅಲ್ಲಾಡಲ್ಲ. ಪ್ಯಾಂಟಿನ ಅಳತೆ ಮುಗಿಯೋ ತನಕ ನಾನು ಕಂಬ. ಕಂಬಕ್ಕೆ ಬಾಯಿ ಇದೆ ಅನ್ನೋದೊಂದೇ ತೊಂದರೆ. ನಿಮ್ಮ ಬಾಯಲ್ಲಂತೂ ಅರ್ಧ ಡಬ್ಬಿ ಗುಂಡುಪಿನ್ನು, ಹಾಗಾಗಿ ಇವತ್ತು ಮಾತು ಪೂರಾ ನಂದೇ. ಇಪ್ಪತ್ತು ವರ್ಷದಲ್ಲಿ ಈ ಮೈದುನನಿಗೆ ಇಂಥ ಯೋಗ ಬಂದಿರಲಿಲ್ಲ!

ಇಲ್ಲ, ಮರೆತಿಲ್ಲ. ಪಿನ್ನು ಕಚ್ಚಿಕೊಳ್ಳೋ ಮುಂಚೆ ನೀವು ಹೇಳಿದ್ದು ಕಿವಿಗೆ ಬಿದ್ದಿದೆ. “ನಾಳೆ ನಾನು ಬರಲ್ಲ. ಬರೆಯದೇ ಇದ್ದದ್ದನ್ನ ಬರೆದಿದ್ದೆ ಅಂತ ಜನರ ಮುಂದೆ ಹೇಳೋಕೆ ನನ್ನಿಂದ ಆಗಲ್ಲ.” ಸರಿ. ಆದ್ರೆ ಅತ್ತಿಗೆ, ಕರೀತಿರೋದು ಯಾರು? ಡೈರೆಕ್ಟರು! ಏಳು ವರ್ಷದ ಹಿಂದೆ ಎಲ್ಲರೆದುರು ನಿಮ್ಮನ್ನ ಕೆಲಸದಿಂದ ತೆಗೆದರಲ್ಲ, ಅದೇ ಮನುಷ್ಯ. ಅವರ ಹೊಸ ಧಾರಾವಾಹಿ ‘ಒಂಬತ್ತನೇ ಮಹಡಿ ಎರಡು’ ಗೆದ್ದುಬಿಟ್ಟಿದೆ, ನಾಳೆ ಸಂಜೆ ಸಮಾರಂಭ. ನೀವು ವೇದಿಕೆ ಹತ್ತಿ ಒಂದೇ ಮಾತು ಹೇಳಬೇಕು: ಹಳೇ ‘ಒಂಬತ್ತನೇ ಮಹಡಿ’ಯಲ್ಲಿ ಲೋಟ ಬದಲಾಗಿದ್ದು ತಪ್ಪಲ್ಲ, ಮೊದಲೇ ಯೋಚಿಸಿ ಮಾಡಿದ್ದು, ನನ್ನ ಪುಸ್ತಕದಲ್ಲಿ ಬರೆದೇ ಇತ್ತು. ಅಷ್ಟೇ! ಮೂರನೇ ಸರಣಿಗೆ ನಿಮ್ಮ ಕೆಲಸ ನಿಮಗೆ ವಾಪಸ್ಸು. ಅದೇ ಕುರ್ಚಿ, ಅದೇ ಪುಸ್ತಕ.

ತಲೆ ಅಲ್ಲಾಡಿಸಬೇಡಿ, ಪಿನ್ನು ಉದುರುತ್ತೆ.

ನೀವು ಹೊಸದನ್ನ ನೋಡೇ ಇಲ್ಲ, ಅದಕ್ಕೇ ಇಷ್ಟು ಬಿಗುಮಾನ. ಅಣ್ಣ ಹೇಳ್ದ. ಅದು ಬರೋ ಹೊತ್ತಿಗೆ ಸರಿಯಾಗಿ ಟಿವಿ ಮುಂದೆ ಗಿರಾಕಿಗಳ ಕೋಟು ನೇತುಹಾಕ್ತೀರಂತೆ. ಒಳ್ಳೇದೇ ಬಿಡಿ, ಕೋಟುಗಳು ನೋಡಿ ಆನಂದಪಟ್ಟಿರುತ್ತವೆ. ನಾನು ಹೇಳ್ತೀನಿ ಕೇಳಿ, ಹಳೇದಕ್ಕೂ ಹೊಸದಕ್ಕೂ ಎಷ್ಟು ವ್ಯತ್ಯಾಸ ಅಂತ. ಎರಡಕ್ಕೂ ಸಾಮಾನು ಹೊತ್ತವನು ನಾನು. ಮೇಜು, ಕುರ್ಚಿ, ಲೋಟ, ಚಾಕು, ಎಲ್ಲ ಈ ಎರಡು ಕೈಯಲ್ಲೇ ಇಟ್ಟಿದ್ದು. ನನಗಿಂತ ದೊಡ್ಡ ವಿಮರ್ಶಕ ಬೇಕಾ?

ಹೆಸರಿಂದಲೇ ಶುರುಮಾಡೋಣ. ‘ಒಂಬತ್ತನೇ ಮಹಡಿ ಎರಡು’ ಅಂದ್ರೆ ಎಷ್ಟನೇ ಮಹಡಿ? ಹನ್ನೊಂದೋ, ಹದಿನೆಂಟೋ? ನಮ್ಮನೆಯವಳು ಕೇಳಿದಳು. ಲಿಫ್ಟು ಕೆಟ್ಟಿದೆ ಕಣೇ, ಏಳು ವರ್ಷದಿಂದ ಅಲ್ಲೇ ನಿಂತಿದೆ ಅಂದೆ.

ಹಳೇದರಲ್ಲಿ ಹತ್ತು ಕಂತಿಗೆ ಎಷ್ಟು ಹೆಣ? ಎರಡೇ. ಮೊದಲು ಗಂಡ, ಆಮೇಲೆ ಹೆಂಡತಿ. ಸಂಸಾರಸ್ಥರು ಕೂತು ನೋಡೋ ಹಾಗಿತ್ತು. ಹೊಸದರಲ್ಲಿ ಎಂಟು ಕಂತಿಗೆ ಹದಿಮೂರು! ನಾಲ್ಕನೇ ಕಂತಿನ ಹೊತ್ತಿಗೆ ಸತ್ತೋರಿಗಿಂತ ಬದುಕಿರೋರನ್ನ ಎಣಿಸೋದೇ ಸಲೀಸು. ಹಳೇ ಇನ್‌ಸ್ಪೆಕ್ಟರು ಜ್ಞಾಪಕ ಇದ್ದಾರಲ್ಲ, ಹೊಟ್ಟೆ, ನೆಗಡಿ, ಕರವಸ್ತ್ರ? ಹೊಸಬ ಬರೀ ಓಡ್ತಾನೆ. ಮೆಟ್ಟಿಲಿದ್ರೂ ಗೋಡೆ ಹತ್ತುತ್ತಾನೆ. ಮನೆಯೊಳಗೂ ಕಪ್ಪು ಕನ್ನಡಕ. ಬಾಲ್ಯದ ದುಃಖ ಬೇರೆ. ದುಃಖ ಬಂದಾಗಲೆಲ್ಲ ಕನ್ನಡಿ ಒಡೀತಾನೆ. ಕನ್ನಡಿ ತಂದು ಹಾಕೋ ನನ್ನ ದುಃಖ ಯಾರಿಗೆ ಹೇಳಲಿ?

ಮೊದಲ ಹೆಣದ ಕಾಲು ನಂದೇ ಅಂತ ನೆನಪಿದೆಯಾ? ಹೆಣದ ಪಾರ್ಟು ಮಾಡೋನು ಅವತ್ತು ಬರಲಿಲ್ಲ, ಬರೀ ಪಾದ ಕಾಣಿಸಿದ್ರೆ ಸಾಕು ಅಂದ್ರು. ನೀವೇ ಬಂದು ನನ್ನ ಹೆಬ್ಬೆರಳ ಉಗುರು ನೋಡಿ ಪುಸ್ತಕದಲ್ಲಿ ಬರ್ಕೊಂಡ್ರಿ. ನಾಳೆ ತನಕ ಉಗುರು ಕತ್ತರಿಸಬಾರದು ಅಂತ ಅಪ್ಪಣೆ ಬೇರೆ! ಹೊಸದಕ್ಕೆ ರಬ್ಬರಿನ ಕಾಲು ತರಿಸಿದ್ದಾರೆ ಅತ್ತಿಗೆ. ನನ್ನ ಕಾಲಿಗಿಂತ ಚೆನ್ನಾಗಿ ನಟಿಸುತ್ತೆ. ಕಜ್ಜಿ ಕೆರ್ಕೊಳ್ಳಲ್ಲ.

ಹಾ! ನಕ್ಕಿರಿ! ಮೂಗಲ್ಲಿ ನಕ್ಕಿರಿ, ನೋಡಿದೆ ನಾನು.

ಏನದು, ಮತ್ತೆ ಟೇಪು? ಇದು ನಾಲ್ಕನೇ ಸಲ! ಐದು ನಿಮಿಷದಲ್ಲಿ ನನ್ನ ಕಾಲು ಬೆಳೆಯಲ್ಲ, ಬೆಳೆಯೋ ವಯಸ್ಸಲ್ಲ ನಂದು. ಅಣ್ಣ ಇದನ್ನೂ ಹೇಳ್ತಿದ್ದ... ಬೀಗ ಹಾಕಿ ಬೀದಿ ತುದಿ ತನಕ ಹೋಗಿ, ವಾಪಸ್ ಬಂದು ಎಳೆದು ನೋಡ್ತೀರಂತೆ. ಗ್ಯಾಸು ಆರಿಸಿದ್ದನ್ನ ಅಣ್ಣನ ಕೈಲಿ ಇನ್ನೊಂದ್ಸಲ ಆರಿಸ್ತೀರಂತೆ. ಕೇಳಿದ್ರೆ, “ನನ್ನ ತಲೆ ಮೇಲೆ ನನಗೇ ನಂಬಿಕೆ ಇಲ್ಲ” ಅಂತೀರಂತೆ. ನೀವು! ಐವತ್ತು ಜನರ ಸೆಟ್ಟಿನಲ್ಲಿ ಯಾರ ಅಂಗಿಯ ಯಾವ ಗುಂಡಿ ಬಿಚ್ಚಿತ್ತು ಅಂತ ಕಣ್ಮುಚ್ಚಿ ಹೇಳ್ತಿದ್ದೋರು! ಹಿಂದಿನ ಶಾಟಿನಲ್ಲಿ ಏನು ಎಲ್ಲಿತ್ತೋ ಮುಂದಿನದರಲ್ಲೂ ಅಲ್ಲೇ ಇರಬೇಕು ಅಂತ ಕಾಯೋದು ಸಾಮಾನ್ಯ ಕೆಲಸವಾ? ನಾನು ಬೇಕಂತ ಗಡಿಯಾರ ಒಂದು ಬೆರಳು ಸರಿಸಿ ಇಡ್ತಿದ್ದೆ, ನೀವು ಬಂದು ಒಂದು ಮಾತಾಡದೆ ಒಂದು ಬೆರಳು ವಾಪಸ್ ಸರಿಸ್ತಿದ್ರಿ. ಮೈದುನನ ಕೀಟಲೆ, ಅತ್ತಿಗೆಯ ಕಣ್ಣು... ಒಂದು ಸಲವೂ ಗೆಲ್ಲಲಿಲ್ಲ ನಾನು. ಒಂದು ಸಲವೂ.

ಬಿಡಿ. ಲೋಟದ ವಿಷಯಕ್ಕೆ ಬರೋಣ.

ಹಳೇದರ ಐದನೇ ಕಂತು. ಇನ್‌ಸ್ಪೆಕ್ಟರು ಆ ವಿಧವೆಯನ್ನ ಮೇಜಿನೆದುರು ಕೂರಿಸಿ ವಿಚಾರಣೆ ಮಾಡ್ತಾರೆ. ಅವಳ ಮುಂದೆ ಕೆಂಪು ಗೆರೆಯ ಲೋಟ. ಕ್ಯಾಮೆರಾ ಇನ್‌ಸ್ಪೆಕ್ಟರ ಮೂಗು ತೋರಿಸುತ್ತೆ, ಮುಂದಿನ ಶಾಟಲ್ಲಿ ಮತ್ತೆ ಅವಳು, ನೋಡಿದ್ರೆ ನೀಲಿ ಗೆರೆಯ ಲೋಟ! ಮಾರನೇ ಕಂತಲ್ಲಿ ಅವಳು ವಿಷ ಕುಡಿದು ಸತ್ತಿರ್ತಾಳೆ, ಆತ್ಮಹತ್ಯೆ ಅಂತ ಫೈಲು ಮುಚ್ಚಿಬಿಡ್ತಾರೆ. ಅದು ಪ್ರಸಾರ ಆದ ದಿನ ಊರೆಲ್ಲ ನಗು. ವಿಧವೆಯಲ್ಲ, ಜಾದೂಗಾರ್ತಿ ಅಂದ್ರು. ಮಾರನೇ ಬೆಳಿಗ್ಗೆ ನಿಮ್ಮ ಕೆಲಸ... ಗೊತ್ತಿರೋದೇ.

ಈಗ ಮಜಾ ಕೇಳಿ. ಹೊಸದನ್ನ ಬರೆದವಳು ಏನು ಮಾಡಿದ್ದಾಳೆ? ಲೋಟ ಬದಲಾಗಿದೆ ಅಂದ್ಮೇಲೆ ಬದಲಾಯಿಸಿದವನೊಬ್ಬ ಇರಲೇಬೇಕು ತಾನೇ? ಅಂದ್ರೆ ಕೋಣೆಯಲ್ಲಿ ಮೂರನೆಯವನಿದ್ದ! ಅಂದ್ರೆ ಅದು ಆತ್ಮಹತ್ಯೆ ಅಲ್ಲ, ಕೊಲೆ! ಎಂಟು ಕಂತಿಗೂ ಇದೊಂದೇ ಪ್ರಶ್ನೆ. ನಮ್ಮ ಡೈರೆಕ್ಟರು ಈಗ ಮೀಸೆ ತಿರುವ್ಕೊಂಡು, “ಇದನ್ನ ನಾನು ಏಳು ವರ್ಷದ ಹಿಂದೇನೇ ಬಿತ್ತಿದ್ದೆ” ಅಂತ ಸಂದರ್ಶನ ಕೊಡ್ತಿದ್ದಾರೆ. ಮೀಸೆಯೂ ಹೊಸದೇ.

ಕೊನೇ ಕಂತನ್ನ ನಮಗೆಲ್ಲ ಒಟ್ಟಿಗೆ ತೋರಿಸಿದ್ರು. ಹೊಸ ಇನ್‌ಸ್ಪೆಕ್ಟರು ಕನ್ನಡಕ ತೆಗೆದು, ನೇರ ನಮ್ಮ ಕಡೆಗೇ ಬೆರಳು ಚಾಚಿ, “ಲೋಟ ಬದಲಾಯಿಸಿದ್ದು ಯಾರು?” ಅಂತಾನೆ. ಎಲ್ಲರೂ ಚಪ್ಪಾಳೆ. ನಾನೂ ತಟ್ಟಿದೆ, ಜೋರಾಗಿ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೋತಾರಲ್ಲ, ಹಾಗಾಗದೇ ಇರಲಿ ಅಂತ ಕೈಗೆ ಕೆಲಸ ಕೊಟ್ಟೆ... ಏನಿಲ್ಲ, ಗಾದೆ ಬಾಯಿಗೆ ಬಂತು, ಅಂದೆ. ನೀವು ಪಿನ್ನು ಹಾಕಿ.

ಕೊನೆಗೆ ಯಾರು ಅಂತೀರಿ? ಡ್ರೈವರು! ಇನ್‌ಸ್ಪೆಕ್ಟರ ಕಾರಿನ ಡ್ರೈವರು, ಕಿಟಕಿಯಿಂದ ಇಳಿದು ಬಂದು ಬದಲಾಯಿಸಿದನಂತೆ. ಥೂ! ನಂಗೆ ಬಂದ ಸಿಟ್ಟು! ಅದು ಕಿಟಕಿಯೇ ಅಲ್ಲ, ಹಲಗೆಗೆ ಬಣ್ಣ ಬಳಿದಿದ್ದು. ಬಲಗಡೆಯಿಂದ ಬರೋಣ ಅಂದ್ರೆ ದೀಪದ ಕಂಬ. ಒಂದೇ ದಾರಿ, ಎಡಗಡೆ ಬೀರು ಹಿಂದೆ ಬಗ್ಗಿಕೊಂಡು ಬರಬೇಕು. ಊಟ ಮುಗಿದು ಇನ್ನೂ ಯಾರೂ ಸೆಟ್ಟಿಗೆ ಬಂದಿರಬಾರದು. ಎಡಗೈಲಿ ಕೆಂಪು ಎತ್ತಬೇಕು, ಬಲಗೈಲಿ ನೀಲಿ ಇಡಬೇಕು. ಟೀ ಅಷ್ಟೇ ಮಟ್ಟಕ್ಕಿರಬೇಕಲ್ಲ, ಸುರಿಯುವಾಗ ಚೂರು ಹೆಚ್ಚಾಗುತ್ತೆ, ಒಂದು ಗುಟುಕು ಕುಡಿದು ಸರಿಮಾಡಬೇಕು. ತಣ್ಣಗಾಗಿ ಕೆನೆ ಕಟ್ಟಿರುತ್ತೆ, ಆದ್ರೂ ಕುಡೀಬೇಕು. ಅಷ್ಟೊತ್ತಿಗೆ ನೀವು ಮಗಳ ಶಾಲೆಯಿಂದ ಬಂದ ಫೋನಿಗೆ ಅಂತ ಹೊರಗೆ ಹೋಗಿರ್ತೀರಿ, ಹತ್ತು ನಿಮಿಷ...

ಯಾಕೆ ನಿಲ್ಲಿಸಿದ್ರಿ?

ಈ ಕಾಲು ಮುಗೀತಾ? ಇಲ್ಲ, ಇನ್ನೂ ಅರ್ಧ ಇದೆ. ಪಿನ್ನೆಲ್ಲ ಯಾಕೆ ಉಗುಳಿದ್ರಿ? ಏನಾದ್ರೂ ಹೇಳೋದಿದೆಯಾ? ಹೇಳಿ ಅತ್ತಿಗೆ.

ಹಾಗೆ ನೋಡಬೇಡಿ. ನಾನು ಸಾಮಾನಿನವನು, ಯಾವುದು ಹೇಗೆ ಸಾಧ್ಯ ಅಂತ ಲೆಕ್ಕ ಹಾಕಿದೆ ಅಷ್ಟೇ. ಕೆನೆನಾ? ಟೀ ಅಂದ್ಮೇಲೆ ಕೆನೆ ಕಟ್ಟೇ ಕಟ್ಟುತ್ತೆ! ಅಥವಾ ಬೆಕ್ಕು ಇರಬಹುದು. ಸೆಟ್ಟಿನಲ್ಲಿ ಒಂದು ಬೆಕ್ಕು ಓಡಾಡ್ತಿತ್ತಲ್ಲ... ಹೂಂ. ಬೆಕ್ಕು ಕೆಂಪು ಲೋಟ ಎತ್ತಿಟ್ಟು ನೀಲಿ ಲೋಟ ತಂದಿಡ್ತು. ನಿಜ, ನಿಜ, ನನಗೇ ನಗು ಬರ್ತಿದೆ. ನೀವೂ ನಗಬಹುದು.

ಆಯ್ತು! ನಾನೇ. ಸಾಕಾ? ಮೂರನೆಯವನು ನಾನೇ. ಕೀಟಲೆಗೆ ಮಾಡಿದೆ. ಗಡಿಯಾರದಲ್ಲಿ ಸೋತೆ, ಪರದೆ ಸರಿಸಿ ಸೋತೆ, ಲೋಟದಲ್ಲಾದ್ರೂ ಗೆಲ್ಲೋಣ ಅಂತ. ನೀವು ವಾಪಸ್ ಬಂದು, ನೋಡಿ, “ಎಲ್ಲಪ್ಪಾ ಕೆಂಪು?” ಅಂತೀರಿ, ನಾನು ಬೆನ್ನ ಹಿಂದಿಂದ ತೆಗೀತೀನಿ, ಎಲ್ಲರೂ ನಗ್ತಾರೆ, ಅಷ್ಟೇ ಇದ್ದದ್ದು. ಆದ್ರೆ ಡೈರೆಕ್ಟರು ಹೊತ್ತಾಯ್ತು ಅಂತ ಕೂಗಾಡಿ ಶಾಟ್ ತೆಗೆದೇಬಿಟ್ರು. “ಎಲ್ಲ ಸರಿಯಿದೆಯೇನೋ?” ಅಂದ್ರು. ಕೆಂಪು ಲೋಟ ನನ್ನ ಬೆನ್ನ ಹಿಂದೆ. “ಸರಿಯಿದೆ ಸಾರ್” ಅಂದೆ. ಬಾಯಿ ನೋಡಿ, ಯಾವತ್ತೂ ಮುಚ್ಚದೇ ಇರೋ ಬಾಯಿ ಅವತ್ತು ಎಂಥ ಚೊಕ್ಕ ಸುಳ್ಳು ಹೇಳ್ತು! ನೀವು ಫೋನು ಮುಗಿಸಿ ಬರೋ ಹೊತ್ತಿಗೆ ಶಾಟೂ ಮುಗಿದಿತ್ತು, ಮೇಜಿನ ಸಾಮಾನೂ ಎತ್ತಿಯಾಗಿತ್ತು.

ಬೈಯಿರಿ. ಆ ಟೇಪಲ್ಲಿ ನಾಲ್ಕು ಬಾರಿಸಿ. ಸ್ಟೂಲು ಒದೀರಿ. ಅರ್ಧ ಪಿನ್ನು ಹಾಕಿದ ಪ್ಯಾಂಟಲ್ಲಿ ಓಡೋಕೂ ಆಗಲ್ಲ ನನ್ನಿಂದ, ಸಿಕ್ಕಿಬಿದ್ದಿದೀನಿ.

ಟೇಪು ಯಾಕೆ ಸುತ್ತಿಡ್ತಿದ್ದೀರಿ ಅತ್ತಿಗೆ?

ಮೈದುನ ತುಂಟ, ಕೀಟಲೆ ಮಾಡಿದ. ಇಷ್ಟನ್ನ ನೀವು ಕ್ಷಮಿಸ್ತೀರಿ, ನಂಗೊತ್ತು. ಅದಕ್ಕೇ ಇಷ್ಟನ್ನೇ ಹೇಳೋಣ ಅಂತ... ಅಂದ್ರೆ, ಇಷ್ಟೇ ಇರೋದು! ಇಷ್ಟೇ! ಇನ್ನೇನಿದೆ?

ಕಣ್ಣು ಯಾಕೆ ತೆಗೀತಿಲ್ಲ ನನ್ನ ಮುಖದಿಂದ?

ಪುಸ್ತಕನಾ? ಪುಸ್ತಕ ಅಂದ್ರಾ? ನೀವೇನೂ ಅನ್ನಲಿಲ್ಲ, ನಂಗೇ ಕೇಳಿಸ್ತು.

ಪ್ರಸಾರದ ಮಾರನೇ ಬೆಳಿಗ್ಗೆ ಡೈರೆಕ್ಟರು ಕೂಗ್ತಿದ್ರೆ ನೀವು ಗಾಬರಿಯೇ ಆಗಲಿಲ್ಲ. “ನಾನು ಬರೆದಿರ್ತೀನಿ ಸಾರ್” ಅಂತ ಎಲ್ಲರ ಮುಂದೆ ಪುಸ್ತಕ ಬಿಚ್ಚಿದ್ರಿ. ನಲವತ್ತೊಂದನೇ ದೃಶ್ಯ ಇತ್ತು. ಪುಟ ತಿರುಗಿಸಿದ್ರೆ ನಲವತ್ಮೂರು. ಮತ್ತೆ ತಿರುಗಿಸಿದ್ರಿ. ಮತ್ತೆ. ನಾನು ಅಲ್ಲೇ ಮೂಲೆಯಲ್ಲಿ ಕುರ್ಚಿ ಒರೆಸ್ತಾ ಇದ್ದೆ. ನೀವು ಪುಸ್ತಕ ಮುಚ್ಚಿ, ಮೆಲ್ಲಗೆ, “ಬರೆದ ಹಾಗೆ ನೆನಪು... ಇಲ್ಲ ಸಾರ್, ತಪ್ಪು ನಂದೇ” ಅಂದ್ರಿ. ಫೋನು ಬಂದಾಗ ಮೈದುನನ ಕೈಗೆ ಪುಸ್ತಕ ಕೊಟ್ಟು ಹೋಗಿದ್ದೆ ಅಂತ ಒಂದು ಮಾತು ಆಡಲಿಲ್ಲ. ಬರೆಯದೇ ಇದ್ದದ್ದನ್ನ ಅವನು ತಾನೇ ಹೇಗೆ ನೋಡ್ಕೋತಾನೆ ಅಂದ್ಕೊಂಡಿರಿ, ಅಲ್ವಾ?

ಅಷ್ಟೇ ಬೇಕಿತ್ತು ನನಗೆ. ಪುಟ ಇದ್ದಿದ್ರೆ ಕೆಲಸ ಹೋಗ್ತಿದ್ದದ್ದು ನಂದು.

ಹಿಂದಿನ ದಿನ ಪ್ರಸಾರ ಆದ ತಕ್ಷಣ ಓಡಿದೆ ಅತ್ತಿಗೆ. ಪುಸ್ತಕಗಳು ಸಾಮಾನಿನ ಕೋಣೆಯಲ್ಲಿದ್ವು, ಬೀಗದ ಕೈ ನನ್ನ ಹತ್ತಿರ. ಒಂದೇ ಹಾಳೆ, ಸುಲಭವಾಗಿ ಬಂತು. ಸುರುಳಿ ತಂತಿಯೊಳಗೆ ಕಾಗದದ ಚೂರು ಸಿಕ್ಕಿಕೊಂಡಿತ್ತು, ಅದನ್ನೂ ಬಿಡಲಿಲ್ಲ, ಒಂದೊಂದೇ ಒಂದೊಂದೇ ಕಿತ್ತೆ. ನಿಮ್ಮ ಕಣ್ಣು ಗೊತ್ತಲ್ಲ ನನಗೆ, ಒಂದು ಚೂರಿದ್ರೂ ಹಿಡಿದುಬಿಡ್ತಿದ್ರಿ. ಕೋತಿ ತಾನು ತಿಂದು ಮೇಕೆ ಮೂತಿಗೆ ಒರೆಸ್ತಂತೆ. ಕೋತಿ ಒರೆಸಿದ ಮೇಲೆ ಮೇಕೆ ಹತ್ರ ಪ್ಯಾಂಟು ಹೊಲಿಸ್ಕೊಳ್ಳೋಕೆ ಬರಲಿಲ್ಲ, ನಾನು ಬಂದೆ. ನಾಳೆ ನೀವು “ಬರೆದಿದ್ದೆ” ಅಂತ ಸುಳ್ಳು ಹೇಳಿಬಿಟ್ರೆ ಎಲ್ಲ ಸರಿಹೋಗುತ್ತೆ, ನನಗೆ ನೆಮ್ಮದಿ ಆಗುತ್ತೆ ಅಂತ ಬಂದೆ.

ಸುಳ್ಳಲ್ಲ ಅದು ಅತ್ತಿಗೆ. ನೀವು ಬರೆದಿದ್ರಿ.

ಹಾಳೆ ಸುಟ್ಟೆ, ಆದ್ರೆ ಓದದೇ ಸುಡಲಿಲ್ಲ. ಬಾಯಿಪಾಠ ಇದೆ. ನಲವತ್ತೆರಡನೇ ದೃಶ್ಯ. ಕೆಂಪು ಗೆರೆ ಲೋಟ. ಟೀ ಅರ್ಧ. ಮೇಜಿನ ಅಂಚಿಂದ ನಾಲ್ಕು ಬೆರಳು. ಅವಳ ಬಲಗೈ ಲೋಟದ ಪಕ್ಕ, ಮುಟ್ಟಿಲ್ಲ. ಸೆರಗಿನ... ಅಲ್ಲ, ಶಾಲಿನ ತುದಿ ಎಡಗಡೆ. ಅದರ ಕೆಳಗೆ, ಅವಸರದಲ್ಲಿ, ಇನ್ನೊಂದು ಸಾಲು...

ಓದಲೇಬೇಕಾ?

“ಶಾಲೆಯಿಂದ ಫೋನು, ಹೊರಗೆ ಹೋಗ್ತಿದ್ದೇನೆ. ಚಿಂತೆಯಿಲ್ಲ, ಮೈದುನ ಇದ್ದಾನೆ.”