ಹುಳಿಗೆ ಪಳಗಿದ ರೋಗಾಣು

ಬಸ್ಸಿನ ಸರದಿಯಲ್ಲಿ ನಿಂತಿದ್ದ ನರ್ಸ್ ಒಬ್ಬಳ ಕಿವಿಗೆ ಮುಂದಿನವರ ಮಾತು ಬಿತ್ತು. ಚೀಸ್ ಕಾರ್ಖಾನೆಯ ಲ್ಯಾಬಿನಲ್ಲಿ ಕೆಲಸ ಮಾಡುವವಳು ತನ್ನ ಅತ್ತಿಗೆಗೆ ಹೇಳುತ್ತಿದ್ದಳು.

“ಚೀಸಲ್ಲಿ ಹುಳಿ, ಉಪ್ಪು ಎರಡೂ ಇರುವಾಗ ಯಾವ ರೋಗಾಣು ಬದುಕುತ್ತೆ ಅಂತ ಮ್ಯಾನೇಜರ್ ನಗ್ತಿದ್ರು, ಅತ್ತಿಗೆ.”

“ನೀನೇನಂದೆ?”

“ಹುಳಿ ನಿಧಾನವಾಗಿ ಏರಿದ್ರೆ ಅದು ಹೊಂದ್ಕೊಳ್ಳುತ್ತೆ, ಆಮೇಲೆ ಉಪ್ಪಿಗೂ ಜಗ್ಗಲ್ಲ ಅಂದೆ. ಇವತ್ತಿನ ಪರೀಕ್ಷೇಲಿ ಜೀವಂತ ಸಿಕ್ತು.”

“ಅಯ್ಯೋ, ಚೀಸು?”

“ಒಂದು ತುಂಡೂ ಹೊರಗೆ ಹೋಗಿಲ್ಲ. ಲಾರಿಯಿಂದ ಇಳಿಸಿದ್ರು.”

“ಮ್ಯಾನೇಜರು?”

“ಎಲ್ಲರೆದುರು ನನ್ನ ಪಕ್ಕ ಸ್ಟೂಲ್ ಎಳ್ಕೊಂಡು ಕೂತು, ಮೊದಲಿಂದ ಹೇಳಿಕೊಡಮ್ಮ ಅಂದ್ರು.”

“ಇನ್ನು ನಮ್ಮನೇಲೂ ನಿನ್ನ ಮಾತೇ ನಡೀಲಿ ಬಿಡು,” ಅತ್ತಿಗೆ ನಕ್ಕಳು.

ಬಸ್ಸು ಬಂತು. ಅಂಥ ರೋಗಾಣುವಿನಿಂದ ಬಸುರಿಯರು ಮಗು ಕಳೆದುಕೊಂಡದ್ದನ್ನು ಕಂಡಿದ್ದ ನರ್ಸ್, ನೂಕುತ್ತಿದ್ದವರಿಗೆ ಕೈ ಅಡ್ಡ ಹಿಡಿದು, ಅವರಿಬ್ಬರನ್ನೂ ಮೊದಲು ಹತ್ತಿಸಿದಳು.