ಶಿರೋಳಿಯ ಉಸುಕು

ಗಡಹಿಂಗ್ಲಜ ಸ್ಟ್ಯಾಂಡಿನಲ್ಲಿ ಕೊಲ್ಹಾಪುರದ ಬಸ್ಸಿಗೆ ಕಾಯುತ್ತಿದ್ದ ಕಾಡಸಿದ್ದನ ಕಾಲ ಮೇಲೆ ದಪ್ಪನೆ ಚೀಲವೊಂದು ಬಿತ್ತು. ಬಾಯಿಗೆ ಬಂದಂತೆ ಬೈಯಬೇಕೆಂದು ಅವನು ತಿರುಗುವಷ್ಟರಲ್ಲಿ ಚಂದಗಡದ ಕಡೆಯ ಹೆಂಗಸರಿಬ್ಬರು ಮಾತಿಗಿಳಿದಿದ್ದರು.

“ಕಲ್ಲ ತುಂಬೀಯೇನ, ನಾಗೂಬಾಯಿ?”

“ಫೌಂಡ್ರಿ ಉಸುಕ್ರಿ, ಹೌಸಾಬಾಯಿ. ಶಿರೋಳಿ ಕಾರಖಾನ್ಯಾಗಿಂದ ಮಗ ತಂದಕೊಟ್ಟಾನ. ಓಣಿ ಹಾದಿಗೆ ಹಾಕಿದ್ರ ಜಾರೂದಿಲ್ಲ.”

“ಮೊನ್ನೆ ಎಲ್ಲಾರೂ ಕೂಡಿ ಪಾಚಿ ಕೆರದೇವಲ್ಲ?”

“ಕೆರದೇವ್ರಿ. ನಿಮ್ಮ ನೆಗೆಣ್ಣಿ ಬಾಗಲಾ ಬಂದಕೂಡ್ಲೆ ನೀವು ಸಲಿಕಿ ಒಗದ ಹೋದ್ರಿ.”

“ನನ್ನ ಕೂಡ ಮಾತ ಬಿಟ್ಟಾಕಿ ಮನಿ ಮುಂದ ನಾ ಯಾಕ ಕೆರೀಲಿ? ಆಕಿನ ಕೆರಕೊಳ್ಳಿ.”

“ಆಕಿ ಇಲ್ಲೇ ದವಾಖಾನ್ಯಾಗ ಹಡದ ಸೊಸಿ ಪ್ರಣಾಲಿ ಕೂಡ ಅದಾಳ. ಸಂಜೀಕ ಮನಿಗೆ ಬಂದ್ರ ಪ್ರಣಾಲಿ ಕೂಸಿನ್ನ ಎತ್ತಿಕೊಂಡ ಅದ ಪಾಚಿ ಮ್ಯಾಲ ನಡೀಬೇಕ್ರಿ.”

ಹೌಸಾಬಾಯಿ ಬಗ್ಗಿ ಚೀಲದ ಬಾಯಿ ಬಿಗಿದಳು.

“ಕೂಸ ಯಾರಂಗೈತಿ?”

“ನಿಮ್ಮಂಗ. ಮೂಗಿನ ತುದಿಗೇ ಸಿಟ್ಟ.”

ಚಂದಗಡದ ಬಸ್ಸು ಬಂತು. ಹೌಸಾಬಾಯಿ ಚೀಲದ ಒಂದು ತುದಿ ಹಿಡಿದಳು.

“ಎತ್ತ. ಮೊದಲ ಆಕಿ ಬಾಗಲಾ ಮುಂದ ಕೆರದ ಉಸುಕ ಹಾಕೂಣು.”

“ನೀವ ಹಾಕೀರಂತ ಆಕಿಗೆ ಹೇಳ್ಲೇನ್ರಿ?”

“ಹೇಳಿದಿ ಅಂದ್ರ ನಿನ್ನ ಕೂಡಾನೂ ಮಾತ ಬಿಡತೇನಿ.”

ಇಬ್ಬರೂ ಚೀಲ ಹತ್ತಿಸಿ ಒಳಗೆ ಹೋದರು. ಕಾಡಸಿದ್ದ ಬೈಯದೆ ಕಾಲ ಮೇಲಿನ ಕರಿ ಉಸುಕನ್ನು ಕೊಡವಿಕೊಂಡ.