ನೀಲಿ ಪಟ್ಟಿಗಳು

ಸಿಂದಗಿ ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ನನ್ನ ಪಕ್ಕ ಕುಳಿತಿದ್ದ ಸಾತವ್ವ ಸೆರಗಿನ ಗಂಟು ಬಿಚ್ಚಿ, ಗೆಳತಿ ದಾವಲಬಿಗೆ ಬೆರಳಗಲದ ಕಾಗದದ ಪಟ್ಟಿಗಳನ್ನು ತೋರಿಸಿದಳು.

“ಇವೇನಽ ತಾಯಿ, ಮಾಟಾನ?”

“ನಗಬ್ಯಾಡ. ನಮ್ಮ ಕಸ್ತೂರಿ ಸಾಲಿಯಿಂದ ತಂದಿದ್ಲು. ಹುಳಿ ಇದ್ರ ನೀಲಿ ಪಟ್ಟಿ ಕೆಂಪಾಗ್ತೈತಿ. ಮನ್ಯಾಗಿನ ಎಲ್ಲಾದರಾಗೂ ಅದ್ದಿಡು, ದೀಪಾವಳಿಗಿ ಬಂದು ನೋಡ್ತೇನಿ ಅಂದಿದ್ಲು.”

“ದೀಪಾವಳಿ ಆಗಿ ಎರಡು ತಿಂಗಳಾತಲ್ಲ!”

“ಅಕಿ ಬರಲಿಲ್ಲ. ಅದಕ್ಕ ನಾನಽ ವಿಜಾಪುರಕ್ಕ ಮಗಳ ಹಾಸ್ಟೆಲಿಗಿ ಹೊಂಟೇನಿ. ನನಗ ಬರಿಯಾಕ ಬರಾಂಗಿಲ್ಲ. ಗುರ್ತಿಗಿ ಹುಣಸಿ ನೀರಿಂದಕ್ಕ ಹುಣಸಿ ನಾರು ಕಟ್ಟೇನಿ, ಮಜ್ಜಿಗಿದಕ್ಕ ಕಡಗೋಲ ಹಗ್ಗದ ಎಳಿ.”

“ಅಕಿ ಮರತಿದ್ರ?”

“ಮರತಿದ್ರ, ಇವೇನವ್ವಾ ಅಂತ ಕೇಳ್ತಾಳಲ್ಲ. ಒಂದೊಂದಽ ಹೇಳಕೋತ ಕೂತ್ರ ಸಂಜಿಮಟ ಮಾತಾಡಬಹುದು.”

ಬಸ್ಸು ಬಂತು. ಸಾತವ್ವ ಗಡಬಡಿಸಿ ಹತ್ತಿದಳು. ದಾವಲಬಿ ಕೈ ಎತ್ತಿದ್ದು ಅವಳಿಗೆ ಕಾಣಲಿಲ್ಲ.